ಭಾಗ 7: ಆಂಟಿಯ ನಿಂಬೆ ಗಿಡದ ರಂಗೋಲಿ

ಮೊದಲನೇ ಫೋಟೋ ಝೂಮ್ ಮಾಡಿ ನೋಡಿ. ನಿಂಬೆ ಎಲೆ ಮೇಲೆ ಬೆಳ್ಳಿ ಬಣ್ಣದ ಸೊಟ್ಟ ಗೆರೆ ಕಾಣ್ತಿದೆಯಲ್ಲ? ಎದುರುಮನೆ ಆಂಟಿ ಇದನ್ನೇ ತೋರಿಸಿ ಏನಪ್ಪಾ ಇದು ಅಂದ್ರು. ನಾನು ಎಲೆ ಮುಟ್ಟಿಯೂ ನೋಡದೆ "ವೈರಸ್ ಆಂಟಿ, ಚಿಗುರೆಲ್ಲ ಕತ್ತರಿಸಿಬಿಡಿ" ಅಂದೆ. ಈ ಸರಣಿ ಬರೀತೀನಲ್ಲ, ನಂಬಿದ್ರು. ಮೊಗ್ಗು ಸಮೇತ ಕತ್ತರಿಸಿದ್ರು.

ಕೆಲವು ವಾರಕ್ಕೆ ಹೊಸ ಚಿಗುರು ಒಟ್ಟಿಗೇ ಬಂತು. ಎಲ್ಲದರ ಮೇಲೂ ಅದೇ ಗೆರೆ, ಮೊದಲಿಗಿಂತ ಜಾಸ್ತಿ!

ಆಗ ಒಂದು ಎಲೆ ಕಿತ್ತು ಬಿಸಿಲಿಗೆ ಹಿಡಿದೆ. (ಮೊಬೈಲ್ ಟಾರ್ಚ್ ಕೂಡ ಸಾಕು.) ಗೆರೆಯ ತುದಿಯಲ್ಲಿ ಪುಟಾಣಿ ಹಳದಿ ಹುಳು ಅಲ್ಲಾಡ್ತಿತ್ತು. ಎಲೆಯ ಸಿಪ್ಪೆಯ ಕೆಳಗೆ ಸುರಂಗ ಕೊರೆದು ಅಲ್ಲೇ ತಿಂದು ಬೆಳೆಯೋ ಹುಳು. ನಮ್ಮ ರೈತರು ಇಂಥವಕ್ಕೆ ರಂಗೋಲಿ ಹುಳು ಅಂತಾರೆ. ಎಷ್ಟು ಸರಿಯಾದ ಹೆಸರು ನೋಡಿ.

ಆದ್ರೆ ಯಾವ ರಂಗೋಲಿ ಹುಳು? ವಿಡಿಯೋ ಹುಡುಕಿದ್ರೆ ಬರೀ ಇಂಗ್ಲೆಂಡಿನ ಓಕ್ ಎಲೆ. ಉತ್ತರಹಳ್ಳಿಯಲ್ಲಿ ಓಕ್ ಎಲ್ಲಿಂದ ತರೋದು! ಆದ್ರೂ ಅವರ ಕ್ರಮ ಇಲ್ಲೂ ನಡೆಯುತ್ತೆ. ಮೊದಲು ಗಿಡ ಯಾವುದು ನೋಡಿ, ಯಾಕಂದ್ರೆ ಇವುಗಳಲ್ಲಿ ಬಹಳಷ್ಟು ಊಟದ ವಿಷಯದಲ್ಲಿ ಭಾರೀ ಹಟಮಾರಿಗಳು. ಆಮೇಲೆ ಸುರಂಗದ ಆಕಾರ, ಅದರೊಳಗೆ ಹಿಕ್ಕೆ ಹೇಗೆ ಬಿದ್ದಿದೆ ಅನ್ನೋದು. ಎರಡನೇ ಫೋಟೋದಲ್ಲಿ ಗೆರೆಯ ನಡುವೆ ಕಪ್ಪು ದಾರ ಎಳೆದ ಹಾಗಿದೆಯಲ್ಲ, ಅದು ಹಿಕ್ಕೆ. ಮೂರನೇದು ನಮ್ಮ ಟೊಮೆಟೊ ಎಲೆ. ಗೆರೆ ಹೆಚ್ಚುಕಮ್ಮಿ ಹಾಗೇ ಇದೆ, ಆದ್ರೆ ಇದು ನೊಣದ ಮರಿಯದು. ಅದು ಬೆಳೆದ ಮೇಲೆ ಎಲೆಯಿಂದ ಹೊರಬಿದ್ದು ಸಾಮಾನ್ಯವಾಗಿ ಮಣ್ಣಿಗೆ ಇಳಿಯುತ್ತೆ. ನಿಂಬೆಯದು ಎಲೆ ಅಂಚನ್ನೇ ಮಡಚಿ ಒಳಗೆ ಕೋಶ ಕಟ್ಟುತ್ತೆ.

ನಿಂಬೆ ಹುಳುವಿನ ಹೆಸರು ಫಿಲ್ಲೋಕ್ನಿಸ್ಟಿಸ್ ಸಿಟ್ರೆಲ್ಲಾ, ಒಂದು ಪುಟ್ಟ ಪತಂಗ. 1856ರಲ್ಲಿ ಸ್ಟೈಂಟನ್ ಅನ್ನೋರು ಇದಕ್ಕೆ ಹೆಸರಿಟ್ಟಿದ್ದು ಕಲ್ಕತ್ತೆಯಿಂದ ಹೋದ ಮಾದರಿ ನೋಡಿ. 1993ರಲ್ಲಿ ಫ್ಲೋರಿಡಾದಲ್ಲೂ ಕಾಣಿಸಿಕೊಳ್ತು.

ನನ್ನ ತಪ್ಪು ಗೊತ್ತಾಗಿದ್ದು ಇಲ್ಲೇ. ಈ ಪತಂಗ ಮೊಟ್ಟೆ ಇಡೋದು ಎಳೆ ಚಿಗುರೆಲೆಗೆ. ಬಲಿತ ಎಲೆ ಅದಕ್ಕೆ ಬೇಡ. ಕತ್ತರಿಸಿದ್ರೆ ಗಿಡ ಇನ್ನಷ್ಟು ಚಿಗುರುತ್ತೆ. ಅಂದ್ರೆ ನಾನೇ ಆಂಟಿ ಕೈಯಲ್ಲಿ ಅದಕ್ಕೆ ಊಟ ಬಡಿಸಿದ್ದೆ.

ಅಂಚು ಮಡಚಿದ ಮೂರು ಎಲೆಗಳನ್ನ ಗಾಜಿನ ಬಾಟಲಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿಟ್ಟೆ. ಎರಡರಿಂದ ಬೆಳ್ಳಿ ಪತಂಗ ಬಂತು, ಅಕ್ಕಿಕಾಳಿಗಿಂತ ಚಿಕ್ಕದು. ಮೂರನೇದರಿಂದ ಬಂದಿದ್ದು ಪತಂಗ ಅಲ್ಲ, ಒಂದು ಕಣಜ! ಹುಳುವನ್ನೇ ತಿಂದು ಬೆಳೆದಿತ್ತು. ಔಷಧಿ ಹೊಡೆದಿದ್ರೆ ಇದೂ ಸಾಯ್ತಿತ್ತು.

ಬಾಟಲಿ ಹಿಡ್ಕೊಂಡು ಆಂಟಿ ಮನೆಗೆ ಹೋಗಿ ಒಪ್ಪಿಕೊಂಡೆ. ಅಷ್ಟರಲ್ಲಿ ಅವರು ಸ್ಪ್ರೇ ತಂದಿಟ್ಟಿದ್ರು. "ಹೊಡೀಬೇಡಿ, ಕತ್ತರಿಸಲೂಬೇಡಿ, ಹಾಗೇ ಬಿಡಿ" ಅಂದೆ.

"ಈ ಸಲ ಎಲೆ ನೋಡಿ ಹೇಳ್ತಿದ್ದೀಯಾ?" ಅಂದ್ರು.

ಕೊನೇ ಫೋಟೋ ಇವತ್ತು ಬೆಳಿಗ್ಗೆಯದು. ಎಲೆ ತುಂಬ ರಂಗೋಲಿ, ಕೊಂಬೆಯಲ್ಲಿ ಮೂರು ಮೊಗ್ಗು.

#ರಂಗೋಲಿಹುಳು #ಉತ್ತರಹಳ್ಳಿ