ಗದರಿಸದೆ ಹೇಳುವುದು

ಮಾಸ್ಕ್ ಹಾಕದವರನ್ನು ದಾರಿಗೆ ತರಲು 2020ರ ಕೋವಿಡ್ ಕಾಲದಲ್ಲಿ ನಮ್ಮ ಸರ್ಕಾರಕ್ಕೆ ಬೇಗ ಹೊಳೆದದ್ದು ದಂಡ. ಬೆಂಗಳೂರಿನ ಬೀದಿಗಳಿಗೆ ಮಾರ್ಷಲ್‌ಗಳು ಬಂದರು, ಅವರ ಹಿಂದೆ ರಸೀದಿ ಪುಸ್ತಕವೂ ಬಂತು. ಅಕ್ಟೋಬರ್ ಹೊತ್ತಿಗೆ ನಗರಗಳಲ್ಲಿ ದಂಡ 1,000 ರೂಪಾಯಿಗೆ ಏರಿತು. ಜನ ಸಿಟ್ಟಿಗೆದ್ದ ಮೇಲೆ ಕೆಲವೇ ದಿನಗಳಲ್ಲಿ 250ಕ್ಕೆ ಇಳಿಯಿತು. ಈ ಎಳೆದಾಟದಲ್ಲಿ ಮಾಸ್ಕ್ ರೋಗಕ್ಕೆ ಸಂಬಂಧಿಸಿದ್ದು ಎನ್ನುವುದೇ ಹಿಂದೆ ಸರಿಯಿತು. ಟ್ರಾಫಿಕ್ ಪೊಲೀಸ್ ಕಂಡಾಗ ತಲೆಗೇರಿ, ಸರ್ಕಲ್ ದಾಟಿದೊಡನೆ ಹ್ಯಾಂಡಲಿಗೆ ಜೋತುಬೀಳುವ ಹೆಲ್ಮೆಟ್ಟಿನ ಹಾಗೆ, ಮಾರ್ಷಲ್ ಎದುರಾದರೆ ಮಾಸ್ಕ್ ಮೂಗಿಗೆ ಏರಿತು, ಅವರು ಮರೆಯಾದರೆ ಗದ್ದಕ್ಕೆ ಇಳಿಯಿತು. ಸಾಂಕ್ರಾಮಿಕದ ಕಾಲದಲ್ಲಿ ಪ್ರೀತಿಯಿಂದ ಹೇಳಿ ಒಪ್ಪಿಸುವುದೇ ಹೆಚ್ಚು ಫಲ ಕೊಡುತ್ತದೆ ಎಂದು ನಾನು ನಂಬುತ್ತೇನೆ. ಇದು ಒಳ್ಳೆಯ ಮನಸ್ಸಿನ ಹಾರೈಕೆ ಮಾತ್ರ ಅಲ್ಲ. ಪಕ್ಕದ ಬಾಂಗ್ಲಾದೇಶದಲ್ಲಿ ಇದನ್ನು ಅಳೆದೇ ನೋಡಿದ್ದಾರೆ.

ಅಲ್ಲಿಯೂ ಮೊದಲು ಬಂದದ್ದು ಆದೇಶ ಮತ್ತು ದಂಡದ ಎಚ್ಚರಿಕೆ. 2020ರ ಏಪ್ರಿಲ್‌ನಲ್ಲಿ ಫೋನ್ ಮಾಡಿ ಕೇಳಿದಾಗ ಐವರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ತಾವು ಮಾಸ್ಕ್ ಹಾಕುತ್ತೇವೆ ಎಂದರು. ಜೂನ್‌ನಲ್ಲಿ ಬೀದಿಗಿಳಿದು ನೋಡಿದರೆ ಮಾಸ್ಕ್ ಹಾಕಿಕೊಂಡವರು ಕಾಲುಭಾಗದ ಆಸುಪಾಸು ಮಾತ್ರ. ಹಾಕಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು, ಅಂದರೆ ಕೊರತೆ ಇದ್ದದ್ದು ತಿಳಿವಳಿಕೆಯಲ್ಲಲ್ಲ. ಅರ್ಥಶಾಸ್ತ್ರಜ್ಞರಾದ ಜೇಸನ್ ಅಬಾಲಕ್, ಮುಷ್ಫಿಕ್ ಮೊಬಾರಕ್ ಮತ್ತು ಸಂಗಡಿಗರು ಆ ವರ್ಷದ ನವೆಂಬರ್‌ನಿಂದ 600 ಹಳ್ಳಿಗಳಲ್ಲಿ ಪ್ರಯೋಗ ನಡೆಸಿದರು. ಅರ್ಧ ಹಳ್ಳಿಗಳನ್ನು ಇದ್ದ ಹಾಗೇ ಬಿಟ್ಟರು. ಉಳಿದ ಕಡೆ ಮನೆಮನೆಗೆ ಹೋಗಿ ಪುಕ್ಕಟೆ ಮಾಸ್ಕ್ ಕೊಟ್ಟರು, ಆಗಿನ ಪ್ರಧಾನಿ ಶೇಖ್ ಹಸೀನಾ ಮತ್ತು ಕ್ರಿಕೆಟಿಗ ಶಾಕಿಬ್ ಅಲ್ ಹಸನ್ ಮಾತಾಡಿದ ವಿಡಿಯೋ ತೋರಿಸಿದರು, ಶುಕ್ರವಾರದ ನಮಾಜಿನಲ್ಲಿ ಇಮಾಮರಿಂದ ಹೇಳಿಸಿದರು. ಎಲ್ಲಕ್ಕಿಂತ ಮುಖ್ಯವಾಗಿ, ಸಂತೆಯಲ್ಲಿ, ದಾರಿಯಲ್ಲಿ ಬರಿಮುಖದಲ್ಲಿ ಸಿಕ್ಕವರನ್ನು ನಿಲ್ಲಿಸಿ ಸಮಾಧಾನದಿಂದ ನೆನಪಿಸುವವರನ್ನು ಇಟ್ಟರು. ಮಾಸ್ಕ್ ಇಲ್ಲ ಎಂದವರ ಕೈಗೆ ಅಲ್ಲೇ ಒಂದನ್ನು ಕೊಟ್ಟರು. ಇದ್ದ ಹಾಗೇ ಬಿಟ್ಟ ಹಳ್ಳಿಗಳಲ್ಲಿ ಸರಿಯಾಗಿ ಮಾಸ್ಕ್ ಹಾಕಿದವರು ನೂರಕ್ಕೆ 13, ಈ ಹಳ್ಳಿಗಳಲ್ಲಿ 42. ಏರಿಕೆ ಎಲ್ಲಕ್ಕಿಂತ ಹೆಚ್ಚು ಕಂಡದ್ದು ಮಸೀದಿಗಳಲ್ಲಿ. ಮೊಬೈಲಿಗೆ ಸಂದೇಶ ಕಳಿಸಿದ್ದರಿಂದಾಗಲಿ, ಹೆಚ್ಚು ಮಂದಿ ಹಾಕಿದರೆ ಊರಿಗೆ ಹಣ ಕೊಡುತ್ತೇವೆ ಎಂದದ್ದರಿಂದಾಗಲಿ ಅದಕ್ಕಿಂತ ಹೆಚ್ಚಿನ ಫಲ ಕಾಣಲಿಲ್ಲ. ದುಡ್ಡಿನ ಆಸೆ ಅಲುಗಿಸದ ಕಡೆ ಎದುರಿಗೆ ನಿಂತ ಮನುಷ್ಯನ ಮಾತು ಅಲುಗಿಸಿತ್ತು ಎಂಬುದನ್ನು ನಾವು ಗಮನಿಸಬೇಕು.

ಇದರ ಕಾರಣ ಊಹಿಸುವುದು ಕಷ್ಟವಲ್ಲ. ನಾಲ್ಕು ಜನರೆದುರು ಗದರಿಸಿಕೊಂಡವನಿಗೆ ಆ ಗಳಿಗೆಯಲ್ಲಿ ವೈರಸ್‌ಗಿಂತ ತನ್ನ ಮರ್ಯಾದೆ ದೊಡ್ಡದಾಗಿ ಕಾಣುತ್ತದೆ. ಮಾಸ್ಕ್ ಹಾಕಿದರೆ ಸೋತಂತೆ, ಹಾಕದಿದ್ದರೆ ಗೆದ್ದಂತೆ. ‘ತಗೊಳ್ಳಿ ಅಣ್ಣ, ಇದು ಹೊಸದು, ಮನೇಲಿ ವಯಸ್ಸಾದೋರು ಇದ್ದಾರಲ್ಲ’ ಎಂದರೆ ಸೋಲುಗೆಲುವಿನ ಮಾತೇ ಏಳುವುದಿಲ್ಲ. ಮಾಸ್ಕ್ ಇಲ್ಲದವರಲ್ಲಿ ಎಲ್ಲರೂ ಉಡಾಫೆಯವರಲ್ಲ ಎಂಬುದೂ ಇಲ್ಲಿದೆ. ದಿನಗೂಲಿಯವರಿಗೆ ದಿನಕ್ಕೊಂದು ಮಾಸ್ಕ್ ಖರ್ಚಿನ ಬಾಬತ್ತು. ಬಿಸಿಲಿನಲ್ಲಿ ಮೂಟೆ ಹೊರುವವರಿಗೆ ಉಸಿರು ಕಟ್ಟುತ್ತದೆ. ತುಟಿಯ ಚಲನೆ ನೋಡಿ ಮಾತು ತಿಳಿಯುವ ಕಿವುಡರಿಗೆ ಎದುರಿನವರ ಮಾಸ್ಕ್ ಒಂದು ಗೋಡೆ, ಅವರೊಡನೆ ಮಾತಾಡುವವರು ಅದನ್ನು ಕೆಳಗಿಳಿಸಬೇಕಾಗುತ್ತದೆ. ಕೇಳಿ ತಿಳಿಯುವ ವ್ಯವಧಾನ ದಂಡದ ರಸೀದಿಗೆ ಇರುವುದಿಲ್ಲ.

ಹೆಣ ಬೀಳುತ್ತಿರುವಾಗ ಇಷ್ಟು ನಯ ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ಅವರ ಸಿಟ್ಟು ನ್ಯಾಯವಾದದ್ದೇ. ಆಸ್ಪತ್ರೆಯಂಥ ಜಾಗದಲ್ಲಿ ನಿಯಮ ಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಊರಿನ ಪ್ರತಿ ಓಣಿಗೂ ಕಾವಲು ಹಾಕಲಾಗದು. ಕಾವಲಿಲ್ಲದ ಕಡೆ ಉಳಿಯುವುದು ಜನ ಮನಸಾರೆ ಒಪ್ಪಿಕೊಂಡದ್ದಷ್ಟೆ. ಇನ್ನೊಂದು ಆಕ್ಷೇಪ, ಮಾಸ್ಕಿನಿಂದ ಆದ ಲಾಭವೇ ಅಲ್ಪ ಎಂಬುದು. ಬಾಂಗ್ಲಾದೇಶದಲ್ಲಿ ಸರ್ಜಿಕಲ್ ಮಾಸ್ಕ್ ಹಂಚಿದ ಹಳ್ಳಿಗಳಲ್ಲಿ ರೋಗಲಕ್ಷಣವಿದ್ದು ರಕ್ತಪರೀಕ್ಷೆಯಲ್ಲಿ ಖಚಿತವಾದ ಸೋಂಕು ಶೇ 11ರಷ್ಟು ಕಡಿಮೆಯಾಯಿತು. ಬಟ್ಟೆ ಮಾಸ್ಕಿನ ಫಲ ಅಷ್ಟು ಸ್ಪಷ್ಟವಾಗಿರಲಿಲ್ಲ. ಆದರೆ ಸರ್ಜಿಕಲ್ ಮಾಸ್ಕ್ ಸಿಕ್ಕ ಹಳ್ಳಿಗಳಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೂ ಮಾಸ್ಕ್ ಹಾಕುತ್ತಿರಲಿಲ್ಲ. ನೂರರಲ್ಲಿ ಸುಮಾರು 29 ಮಂದಿ ಹೆಚ್ಚು ಹಾಕಿದ್ದಕ್ಕೇ ಇಷ್ಟು ಇಳಿಕೆ. 60 ದಾಟಿದವರಲ್ಲಂತೂ ಅದು ಶೇ 35. ಸಾವು ಹೆಚ್ಚು ಮುತ್ತಿಗೆ ಹಾಕಿದ್ದು ಆ ವಯಸ್ಸಿನವರನ್ನೇ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆ ಮಾಸ್ಕ್ ನಿಷ್ಪ್ರಯೋಜಕ ಎಂದಿತು ಎಂಬ ಪ್ರಚಾರವೂ ನಡೆಯಿತು. ಅದು ಪರಿಶೀಲಿಸಿದ್ದು ಮಾಸ್ಕ್ ಹಾಕಲು ಪ್ರೋತ್ಸಾಹಿಸಿದರೆ ಸೋಂಕು ಕಡಿಮೆಯಾಗುತ್ತದೆಯೇ ಎಂಬುದನ್ನು, ಖಚಿತ ಉತ್ತರ ಸಿಕ್ಕಿಲ್ಲ ಎಂದು ಆ ಸಂಸ್ಥೆಯ ಪ್ರಧಾನ ಸಂಪಾದಕರೇ ಸ್ಪಷ್ಟಪಡಿಸಬೇಕಾಯಿತು.

ಒಲವಿನ ಮಾತಿಗೂ ಮಿತಿ ಇದೆ. ನೆನಪಿಸುವವರು ಹಿಂದೆ ಸರಿದ ಮೇಲೆ, ತಿಂಗಳುಗಳು ಕಳೆದಂತೆ ಬಾಂಗ್ಲಾದೇಶದ ಆ ಹಳ್ಳಿಗಳಲ್ಲಿ ಮಾಸ್ಕ್ ಹಾಕುವವರು ಕಡಿಮೆಯಾದರು. ಹಾಗಾಗಿ ಮತ್ತೆ ಮತ್ತೆ ಬಾಗಿಲಿಗೆ ಬರುವ, ಊರಿಗೆ ಪರಿಚಯವಿರುವ ಮುಖ ಬೇಕು. ನಮ್ಮಲ್ಲಿ ಆ ಮುಖ ಆಶಾ ಕಾರ್ಯಕರ್ತೆಯದು: ಯಾರ ಮನೆಯಲ್ಲಿ ಬಾಣಂತಿ, ಯಾರಿಗೆ ಕೆಮ್ಮು ಎಂದು ಬಲ್ಲವಳು. ಆದರೆ 2020ರ ಜುಲೈಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನಕ್ಕಾಗಿಯೂ ತಮ್ಮ ಸುರಕ್ಷತೆಯ ಸಾಮಗ್ರಿಗಾಗಿಯೂ ಮುಷ್ಕರ ಹೂಡಬೇಕಾಯಿತು. ಮುಂದಿನ ಸಾಂಕ್ರಾಮಿಕಕ್ಕೆ ಸಿದ್ಧತೆ ಎಂದರೆ, ರಸೀದಿ ಪುಸ್ತಕ ಅಚ್ಚಾಗುವ ಮೊದಲು ಅವರ ಚೀಲದಲ್ಲಿ ಅವರಿಗೂ ಓಣಿಯವರಿಗೂ ಸಾಲುವಷ್ಟು ಒಳ್ಳೆಯ ಮಾಸ್ಕ್ ಇರಬೇಕು, ಆ ತಿಂಗಳ ಗೌರವಧನ ಕೈ ಸೇರಿರಬೇಕು.