ಅಜ್ಜಿ ತಪ್ಪಾಗಿ ಹಾಕಿದ ವೃತ್ತ

ಕೆಲಸಕ್ಕೆಂದು ಸ್ವೀಡನ್ನಿಗೆ ಬಂದು ಎರಡು ವರ್ಷವಾಯ್ತು. ನಾನಿರೋದು ಸ್ಟಾಕ್‌ಹೋಮ್ ಪಕ್ಕದ ನಾಕಾದಲ್ಲಿ. ಕೆಳಗಿನ ಮನೆಯಲ್ಲಿ ಓನರ್ ಒಬ್ಬರೇ ಇದ್ದಾರೆ. ವಯಸ್ಸು 78. ಹೆಸರು ಹಿಡಿದು ಕರೆಯೋದು ಇಲ್ಲಿಯ ಪದ್ಧತಿ, ಆದರೆ ನನ್ನ ಮನಸ್ಸಿನಲ್ಲಿ ಅವರು ಅಜ್ಜನೇ.

ಮನೆ ಹಿಂದೆಯೇ ಕಾಡು. ಪೈನ್ ಮರ, ಪಾಚಿ ಹಿಡಿದ ಬಂಡೆ, ಜೌಗು. 1919ರಲ್ಲಿ ಅರ್ನ್ಸ್ಟ್ ಕಿಲಾಂಡರ್ ಎಂಬ ಸೇನಾಧಿಕಾರಿ ದೊಡ್ಡದೊಂದು ಓರಿಯಂಟಿಯರಿಂಗ್ ಸ್ಪರ್ಧೆ ನಡೆಸಿದ್ದು ಇದೇ ಭಾಗದಲ್ಲಿ. ನಕ್ಷೆ, ದಿಕ್ಸೂಚಿ ಹಿಡ್ಕೊಂಡು ಕಾಡಲ್ಲಿ ಓಡಬೇಕು, ಅಲ್ಲಲ್ಲಿ ಕಟ್ಟಿರುವ ಗುರುತುಗಳನ್ನು ಕ್ರಮವಾಗಿ ಹುಡುಕಬೇಕು, ಅಷ್ಟೇ ಆಟ. ನಮ್ಮ ಸಕಲೇಶಪುರದ ಕಡೆ ದಾರಿ ತಪ್ಪಿದ್ರೆ ಯಾರನ್ನಾದ್ರೂ ಕೇಳ್ತೀವಿ. ಇವರು ಬೇಕಂತಲೇ ಕೇಳೋಕೆ ಯಾರೂ ಇಲ್ಲದ ಕಡೆ ಹೋಗ್ತಾರೆ!

ಕಳೆದ ಸೆಪ್ಟೆಂಬರಿನಲ್ಲಿ ಅಜ್ಜ ಒಂದು ರಟ್ಟಿನ ಪೆಟ್ಟಿಗೆ ತೆರೆದರು. ತುಂಬ ಹಳೇ ನಕ್ಷೆಗಳು. ಮೇಲಿದ್ದದ್ದು 1964ರದ್ದು, ಕಪ್ಪು ಬಿಳುಪು, ಮಡಿಕೆಯಲ್ಲಿ ಹರಿದಿದೆ. ಈಗಿನಂತೆ ಗುರುತುಗಳನ್ನು ಮುದ್ರಿಸಿದ ಬಣ್ಣದ ನಕ್ಷೆ, ಬೆರಳಿಗೆ ಹಾಕೋ ಎಲೆಕ್ಟ್ರಾನಿಕ್ ಚಿಪ್ ಎಲ್ಲ ಆಗ ಇರಲಿಲ್ಲ. ಖಾಲಿ ನಕ್ಷೆ ಕೊಡೋರು. ಹಲಗೆ ಮೇಲಿನ ಮಾಸ್ಟರ್ ಮ್ಯಾಪ್ ನೋಡಿ ಕೆಂಪು ಪೆನ್ಸಿಲ್ಲಿನಲ್ಲಿ ನಾವೇ ವೃತ್ತ ಹಾಕ್ಕೋಬೇಕು. ಗಡಿಯಾರ ಓಡ್ತಾ ಇರುತ್ತೆ, ಸುತ್ತ ನೂಕಾಟ ಬೇರೆ.

ಹದಿನೇಳರ ಹುಡುಗನಿಗೆ ಹಲಗೆ ಕಾಣಲಿಲ್ಲ. ಮುಂದೆ ನಿಂತಿದ್ದ ಹುಡುಗಿಯ ನಕ್ಷೆ ನೋಡಿ ಕಾಪಿ ಹೊಡೆದರಂತೆ. ಅವಳ ಐದನೇ ವೃತ್ತ ಒಂದು ಸೆಂಟಿಮೀಟರ್ ಪಕ್ಕಕ್ಕಿತ್ತು. ಅಂದ್ರೆ ನೆಲದ ಮೇಲೆ 250 ಮೀಟರ್. ಮುಕ್ಕಾಲು ಗಂಟೆ ಇಬ್ಬರೂ ಒಂದೇ ಜೌಗಿನಲ್ಲಿ ಗುರುತು ಹುಡುಕಿದರು. ಅವಳು ಬೈದಳು, ಇವರು ಕಾಪಿ ಮಾಡಿದ್ದನ್ನು ಒಪ್ಪಿಕೊಂಡರು.

ಆ ಹುಡುಗಿಯೇ ಮುಂದೆ ಇವರ ಹೆಂಡತಿ. ನಾನು ಬರುವ ವರ್ಷವೇ ತೀರಿಕೊಂಡಿದ್ದರು.

"ಅಲ್ಲಿಗೊಮ್ಮೆ ಹೋಗಬೇಕು, ಮಂಡಿ ಕೇಳಲ್ಲ, ಜೊತೆಗೆ ಬರ್ತೀಯಾ?" ಅಂದರು. ನಾನು ಅಭ್ಯಾಸಬಲದಿಂದ ಫೋನ್ ತೆಗೆದೆ. ಅದನ್ನು ಜೇಬಿಗೆ ಹಾಕಿಸಿ, ಹಳೇ ಸಿಲ್ವಾ ದಿಕ್ಸೂಚಿ ಕೈಗಿಟ್ಟರು. ಕೋಡ್ ಬರೆಯೋ ನನಗೆ ಉತ್ತರ ದಿಕ್ಕಿಗೆ ನಕ್ಷೆ ತಿರುಗಿಸಿ ಹಿಡಿಯೋದನ್ನು ಮೂರು ಸಲ ಹೇಳಿಕೊಡಬೇಕಾಯ್ತು. ಇಲ್ಲಿ ಯಾರ ಕಾಡಾದರೂ ನಡೆದಾಡಬಹುದು, ಅದು ಜನರ ಹಕ್ಕು. ಹಾಗಾಗಿ ಯಾರೂ ತಡೆಯಲಿಲ್ಲ. ಎರಡು ಕಡೆ ನಕ್ಷೆಯಲ್ಲಿಲ್ಲದ ಮನೆಗಳು ಎದ್ದಿದ್ದವು, ಸುತ್ತಿಕೊಂಡು ಹೋದೆವು. ಪ್ರತಿ ಬಂಡೆ ಹತ್ತಿರವೂ ಅವರು ನಿಂತು ಉಸಿರು ತಗೊಳ್ಳೋರು.

ಜೌಗು ಸಿಕ್ಕಿತು. ನನ್ನ ಶೂ ಒಳಗೆ ನೀರು. ಸುತ್ತ ಬ್ಲೂಬೆರಿ ಗಿಡ, ಅಷ್ಟೇ.

ಅಜ್ಜ ಕೆಂಪು ವೃತ್ತದ ಮೇಲೆ ಹೆಬ್ಬೆರಳಿಟ್ಟು ಸುತ್ತ ನೋಡಿದರು. "ಅವತ್ತೂ ಇಲ್ಲೇನೂ ಇರಲಿಲ್ಲ" ಅಂತ ನಕ್ಕರು. ಕಾಫಿ ಫ್ಲಾಸ್ಕ್ ತೆಗೆದು ಬಂಡೆ ಮೇಲೆ ಕೂತರು. ಫ್ಲಾಸ್ಕಿನ ಜೊತೆ ಮೂರು ಲೋಟ ತಂದಿದ್ದರು.