ಕವಚದೊಳಗಿನ ಹೊಲಿಗೆ

ಸೋದರಿಯರೇ, ಗಂಗಾವತಿಯಿಂದ ಆನೆಗೊಂದಿ ಮಾರ್ಗವಾಗಿ ಹನುಮನಹಳ್ಳಿಗೆ ಬಂದರೆ, ಈ ಭಾಗದ ಮನೆಗಳ ಕೌದಿಯನ್ನೊಮ್ಮೆ ಮುಟ್ಟಿ ನೋಡಿ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಒತ್ತೊತ್ತಾಗಿ ಹೊಲಿದ ಹೊದಿಕೆ ಅದು. ನದಿಯಾಚೆಯ ವಿಜಯನಗರದ ಯೋಧರನ್ನು ಕಾಪಾಡಿದ್ದೂ ಇಂಥದೇ ಹೊಲಿಗೆ ಎಂದರೆ ನಂಬುವಿರಾ?

ಕೃಷ್ಣದೇವರಾಯನ ಸೈನ್ಯವನ್ನು 1520ರ ಸುಮಾರಿಗೆ ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಅದನ್ನು ವಿವರಿಸಿದ್ದಾನೆ. ಯೋಧರ ಅಂಗಿಗಳು ಪದರವಿಟ್ಟು ಹೊಲಿದವು. ಅವಕ್ಕೆ ಗಟ್ಟಿ ಚರ್ಮದ ಪದರಗಳು, ಜೊತೆಗೆ ಕಬ್ಬಿಣದ ತಗಡುಗಳು. ಶಿರಸ್ತ್ರಾಣವೂ ಹಾಗೆಯೇ, ಕುತ್ತಿಗೆ ಮುಚ್ಚುವ ಅಂಚು, ಮುಖಕ್ಕೊಂದು ರಕ್ಷೆ. ಗುರಾಣಿ, ತುರ್ಕಿ ಬಿಲ್ಲು ಹಿಡಿದ ಮುಸ್ಲಿಮ್ ಸೈನಿಕರೂ ಅಲ್ಲಿದ್ದರು. ಇಮ್ಮಡಿ ದೇವರಾಯನ ಅಧಿಕಾರಿ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಹಂಪಿಯಲ್ಲಿ ಇಂದಿಗೂ ಇದೆ.

ದೂರದ ಜಪಾನಿನ ಸಮುರಾಯ್ ಯೋಧರ ಕವಚದಲ್ಲೂ ಇದೇ ಜಾಣ್ಮೆ. ಕಬ್ಬಿಣ ಮತ್ತು ಚರ್ಮದ ಸಣ್ಣ ಚಕ್ಕೆಗಳಿಗೆ ತೇವ ತಾಗದಂತೆ ಮರದ ರಸದ ಮೆರುಗು ಹಚ್ಚಿ, ರೇಷ್ಮೆ ಹುರಿಯಿಂದ ಹೆಣೆಯುತ್ತಿದ್ದರು. ಬರೀ ಕಬ್ಬಿಣವಾದರೆ ಭಾರ; ಬಿಸಿಲಿಗೆ ಕಾಯುತ್ತದೆ. ಪದರ ಮತ್ತು ದಾರ ಜೊತೆಗಿದ್ದರೆ ಏಟಿನ ಬಲ ಹಂಚಿಹೋಗುತ್ತದೆ, ಮೈಯೂ ಸಲೀಸಾಗಿ ಬಾಗುತ್ತದೆ.

ಕಡೆಬಾಗಿಲು ಸೇತುವೆ ದಾಟಿ ಹಂಪಿಗೆ ಹೋದಾಗ ಹಜಾರರಾಮ ದೇವಾಲಯದ ಹೊರಗೋಡೆ ನೋಡಿ. ಆನೆ, ಕುದುರೆ, ಕಾಲಾಳುಗಳ ಸಾಲು ಕಲ್ಲಿನಲ್ಲಿ ಉಳಿದಿದೆ. ಅವರ ಅಂಗಿ ಹೊಲಿದ ಕೈಗಳ ಹೆಸರು ಎಲ್ಲಿಯೂ ಉಳಿದಿಲ್ಲ. ನಿಮ್ಮ ಮನೆಯಲ್ಲಿ ನಾನಿಯೋ ದಾದಿಯೋ ಹೊಲಿದ ಕೌದಿ ಇದ್ದರೆ ಎಸೆಯಬೇಡಿ. ಅದನ್ನು ಹೊದಿಸುವಾಗ, ಹೊಲಿದವರ ಹೆಸರನ್ನು ಮಕ್ಕಳಿಗೆ ಹೇಳಿ.